ಡೋರಿಸಕ್ಕನ ಬಾಡಿಗೆ ಮನೆ ಮತ್ತು ನನ್ನದೊಂದು ಸುಳ್ಳು

ವಿನೋಬನಗರ

ಮೊಮ್ಮಗಳು ಹುಟ್ಟಿದಳೆಂದು ಇಂಗ್ಲೆಂಡಿನಿಂದ ಫೋನು ಬಂದಾಗ ನಾನು ಶಿವಮೊಗ್ಗದ ವಿನೋಬನಗರದಲ್ಲಿ ನಮ್ಮ ಬಾಡಿಗೆ ಮನೆಯ ಹಿಂದೆ ಪಾತ್ರೆ ತಿಕ್ಕುತ್ತಿದ್ದೆ. ಕೈ ತೊಳೆಯುವಷ್ಟು ತಾಳ್ಮೆಯೂ ಉಳಿಯಲಿಲ್ಲ. ಸಕ್ಕರೆ ಡಬ್ಬಿ ಹಿಡಿದು ಬೀದಿಗೆ ಹೋದೆ, ಎದುರು ಸಿಕ್ಕವರಿಗೆಲ್ಲ ಕೊಟ್ಟೆ. ಗಾಡಿಯ ಬಾಳೆಹಣ್ಣಿನವನು ‘ಏನ್ ವಿಶೇಷ ಅಮ್ಮ?’ ಎಂದು ಕೇಳಿದ್ದೇ ತಪ್ಪಾಯಿತು. ಮಗಳ ಮದುವೆಯಿಂದ ಶುರು ಮಾಡಿ ಹೆರಿಗೆಯವರೆಗೆ ಹೇಳಿ ಮುಗಿಸುವಷ್ಟರಲ್ಲಿ ಅವನ ಗಾಡಿಗೆ ದನ ಬಾಯಿ ಹಾಕಿತ್ತು.

ನಮ್ಮ ಮಗಳು ಶೈಲಾ ನರ್ಸ್. ಅಲ್ಲಿನ ಆಸ್ಪತ್ರೆಗಳಿಗೆ ನಮ್ಮ ಕಡೆಯ ನರ್ಸುಗಳನ್ನು ಕರೆಸಿಕೊಳ್ಳುತ್ತಿದ್ದ ಕಾಲ ಅದು. ಅಳಿಯ ಮಂಜುನಾಥ ಅದೇ ಊರಿನಲ್ಲಿ ಬ್ರೆಡ್ ಕಾರ್ಖಾನೆಯ ಕೆಲಸ ಹಿಡಿದಿದ್ದ. ಬಾಣಂತನಕ್ಕೆ ನಾನು ಹೋಗಲೇಬೇಕಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಭದ್ರಾವತಿ ಸ್ಟೇಷನ್ನಿಗೂ ಒಬ್ಬಳೇ ಹೋದವಳಲ್ಲ, ಆದರೂ ಹೋಗುತ್ತೇನೆಂದು ಹಟ ಹಿಡಿದೆ. ನಮ್ಮ ಯಜಮಾನರು ಬರಲಿಲ್ಲ. ಭದ್ರಾವತಿಯ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕುಲುಮೆಯ ಮುಂದೆ ನಿಂತು ರಿಟೈರ್ ಆದ ಮೇಲೆ ಕ್ವಾರ್ಟರ್ಸ್ ಬಿಟ್ಟು ನಾವು ಈ ಮನೆಗೆ ಬಂದದ್ದು. ಬಾಡಿಗೆ ಮನೆ ಹುಡುಕುವಾಗ ಎಷ್ಟು ಬಾಗಿಲು ಮುಚ್ಚಿದವೋ. ‘ಇಬ್ರೂ ವಯಸ್ಸಾದವ್ರು. ನಾಳೆ ಏನಾದ್ರೂ ಆದ್ರೆ ಮನೆಗೆ ಬೇರೆ ಯಾರೂ ಬರಲ್ಲ’ ಎಂದು ಒಬ್ಬರು ಮುಖದ ಮೇಲೇ ಅಂದಿದ್ದರು. ಹಾಗಾಗಿ ಯಜಮಾನರಿಗೆ ಭಯ.

‘ಆರು ತಿಂಗ್ಳು ಬೀಗ ಹಾಕಿದ್ರೆ ಓನರು ಬೇರೆಯವ್ರಿಗೆ ಕೊಟ್ಬಿಡ್ತಾನೆ ಮಾರಾಯ್ತಿ. ನೀನು ಮಗು ಕಾಯಿ, ನಾನು ಮನೆ ಕಾಯ್ತೀನಿ’ ಎಂದರು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಅಂಟಿನುಂಡೆಯ ಡಬ್ಬಿ ತೆಗೆಸಿ ಇದೇನು ಎಂದು ಕೇಳಿದರು. ಬಾಣಂತಿಗೆ ಎಂದೆ. ಪರೀಕ್ಷೆ ಮಾಡುವವನು ಇನ್ನೂ ಅನುಮಾನದಿಂದ ನೋಡುತ್ತಿದ್ದಾಗ ಅವನ ಪಕ್ಕದಲ್ಲಿದ್ದ ಹೆಂಗಸು ‘ಬಿಡ್ರಿ, ನಮ್ಮಮ್ಮನೂ ಮಾಡ್ತಿದ್ರು’ ಎಂದಳು. ಅವಳಿಗೊಂದು ಉಂಡೆ ಕೊಡಹೋದೆ. ಡ್ಯೂಟಿಯಲ್ಲಿ ತಿನ್ನಬಾರದಂತೆ.

ಮೇಲಿನ ಮನೆ

ಊರಿನ ಹೆಸರು ಇವತ್ತಿಗೂ ನನ್ನ ನಾಲಿಗೆಗೆ ಒಗ್ಗಿಲ್ಲ. ಇಂಗ್ಲೆಂಡಿನ ಉತ್ತರಕ್ಕೆ, ಒಂದು ಹೊಳೆಯ ದಂಡೆಯ ಮೇಲಿದೆ. ಮೊದಲು ಉಕ್ಕಿನ ಕಾರ್ಖಾನೆ ಇತ್ತಂತೆ, ಮುಚ್ಚಿ ಎಷ್ಟೋ ವರ್ಷವಾಗಿದೆಯಂತೆ. ಚಿಮಣಿ ಮಾತ್ರ ನಿಂತಿತ್ತು. ಅದನ್ನು ನೋಡಿದ್ದೇ ತಡ, ಸಮುದ್ರ ದಾಟಿ ಮತ್ತೊಂದು ಭದ್ರಾವತಿಗೆ ಬಂದಂತಾಯಿತು.

ಮಗುವನ್ನು ಕೈಗೆ ತೆಗೆದುಕೊಂಡ ಗಳಿಗೆಯನ್ನು ನಾನು ಬರೆಯಲಾರೆ. ಮೂಗು ನಮ್ಮ ಯಜಮಾನರದು, ಕಿವಿ ನನ್ನದು, ಸಿಟ್ಟು ಮಾತ್ರ ಯಾರದೆಂದು ಇನ್ನೂ ತೀರ್ಮಾನವಾಗಿಲ್ಲ. ಎರಡು ದಿನ ನಾನು ಅದನ್ನು ಕೆಳಗೆ ಮಲಗಿಸಲೇ ಇಲ್ಲ. ಕೊನೆಗೆ ಶೈಲಾ ‘ಅಮ್ಮಾ, ಹಾಲು ಕುಡಿಸೋಕಾದ್ರೂ ಕೊಡು’ ಎಂದು ಕಸಿದುಕೊಂಡಳು.

ಅಲ್ಲಿನ ಜನ ವಿಚಿತ್ರ. ಬಸ್ ಸ್ಟಾಪಿನಲ್ಲಿ ಇಬ್ಬರೇ ಇದ್ದರೂ ಸಾಲು ನಿಲ್ಲುತ್ತಾರೆ. ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರೆ. ಒಂದು ಸಲ ನಾನೇ ಒಬ್ಬರ ಕಾಲು ತುಳಿದರೆ ಅವರೇ ನನಗೆ ಸಾರಿ ಅಂದರು. ಆದರೆ ಪಕ್ಕದ ಮನೆಯಲ್ಲಿ ಇವತ್ತು ಏನು ಸಾರು ಎಂದು ಯಾರಿಗೂ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವುದು ತಪ್ಪು ಎಂದು ಶೈಲಾ ಹೇಳಿದಳು.

ಮೂರನೇ ದಿನ ಮಗುವಿಗೆ ಎಣ್ಣೆ ಹಚ್ಚಿ, ನೀರು ಹಾಕಿ, ಕೆಂಡದ ಮೇಲೆ ಸಾಂಬ್ರಾಣಿ ಹಾಕಿದೆ. ಹೊಗೆ ಸ್ವಲ್ಪ ಏಳುತ್ತಿದ್ದಂತೆ ಸೂರಿಗೆ ಅಂಟಿಸಿದ್ದ ಬಿಲ್ಲೆಯೊಂದು ಅರಚಿಕೊಳ್ಳತೊಡಗಿತು. ಬೆಂಕಿ ಬಿದ್ದರೆ ಕೂಗುವ ಯಂತ್ರವಂತೆ. ಶೈಲಾ ಸ್ನಾನಕ್ಕೆ ಹೋಗಿದ್ದಳು. ಮಗು ಮಾತ್ರ ಮಿಕಮಿಕ ನೋಡುತ್ತಿತ್ತು, ಅಳುವಂತಾದವಳು ನಾನು. ಅಷ್ಟರಲ್ಲಿ ಕೆಳಗಿನಿಂದ ಯಾರೋ ಕೋಲಿನಿಂದ ನಮ್ಮ ನೆಲವನ್ನು ಕುಟ್ಟಿದರು. ಅಡುಗೆಮನೆಯ ಕಿಟಕಿಯಿಂದ ಇಣುಕಿದೆ. ಕೆಳಗಿನ ಅಂಗಳದಲ್ಲಿ ಬಿಳಿ ಕೂದಲಿನ ಮುದುಕಿಯೊಬ್ಬರು ನಿಂತು, ಕೈಯಲ್ಲಿದ್ದ ಟವೆಲನ್ನು ತಲೆಯ ಮೇಲೆ ಗಿರಗಿರ ಬೀಸಿ ತೋರಿಸಿದರು. ನಾನೂ ಸೆರಗನ್ನು ಹಾಗೇ ಬೀಸಿದೆ. ಯಂತ್ರ ಸುಮ್ಮನಾಯಿತು. ಅವರ ಹೆಸರು ಡೋರಿಸ್. ನಮ್ಮ ಕೆಳಗಿನ ಮನೆಯವರು.

ಕೆಳಗಿನ ಮನೆ

ಮಾರನೆಯ ದಿನ ಎರಡು ಅಂಟಿನುಂಡೆ ಹಿಡಿದು ಅವರ ಬಾಗಿಲು ತಟ್ಟಿದೆ. ಒಂದನ್ನು ಕಚ್ಚಲು ಹೋದವರು ಹಲ್ಲಿನ ಸೆಟ್ ಹಿಡಿದುಕೊಂಡು ಒಳಗೆ ಓಡಿದರು. ಎರಡನೆಯದನ್ನು ಟೀಯಲ್ಲಿ ನೆನೆಸಿ ತಿಂದರು. ಅಲ್ಲಿಂದ ದಿನಾ ಹತ್ತು ಗಂಟೆಗೆ ನಾನು ಮಗುವನ್ನೆತ್ತಿಕೊಂಡು ಕೆಳಗಿಳಿಯುವುದು ರೂಢಿಯಾಯಿತು. ಮಗಳ ಮನೆಗೆ ಅಂಗಳವಿಲ್ಲ, ಹಿಂದಿನ ಅಂಗಳ ಕೆಳಗಿನ ಮನೆಗೆ ಸೇರಿದ್ದು. ನನ್ನ ಸೀರೆ, ಮಗುವಿನ ಬಟ್ಟೆ ಎಲ್ಲ ಅವರ ತಂತಿಯ ಮೇಲೆ ಒಣಗತೊಡಗಿದವು. ಅವರ ಮಾತು ನನಗೆ ತಿಳಿಯದು, ನನ್ನದು ಅವರಿಗೆ ತಿಳಿಯದು. ಆದರೂ ಇಬ್ಬರೂ ಒಂದು ನಿಮಿಷ ಬಾಯಿ ಮುಚ್ಚಲಿಲ್ಲ.

ಅವರ ಗಂಡ ಮುಚ್ಚಿಹೋದ ಆ ಉಕ್ಕಿನ ಕಾರ್ಖಾನೆಯಲ್ಲಿದ್ದವರು, ಈಗಿಲ್ಲ. ಮಕ್ಕಳಿಲ್ಲ. ಬಾಗಿಲ ಹಿಂದಿನ ಮೊಳೆಯಲ್ಲಿ ಗಂಡನ ಕೋಟು ಇನ್ನೂ ತೂಗುತ್ತಿತ್ತು. ಅದರ ತೋಳಿನಲ್ಲಿ ಕಿಡಿ ಬಿದ್ದು ಆದ ಸಣ್ಣ ಸಣ್ಣ ತೂತು. ನಾನು ಒಂದು ತೂತಿನಲ್ಲಿ ಬೆರಳಿಟ್ಟು, ಇನ್ನೊಂದು ಕೈಯಲ್ಲಿ ಹೊಲಿಯುವಂತೆ ಮಾಡಿ ತೋರಿಸಿದೆ. ಇಂಥ ಅಂಗಿಗಳಿಗೆ ತೇಪೆ ಹಾಕಿಯೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಡೋರಿಸಕ್ಕನಿಗೆ ತಿಳಿಯಿತು. ಅವತ್ತಿನಿಂದ ಅವರು ನನಗೆ ಅಕ್ಕ.

ಒಂದು ದಿನ ಶೈಲಾಳನ್ನು ಕೇಳಿದೆ. ‘ಗಂಡನಿಲ್ಲ, ಮಕ್ಕಳಿಲ್ಲ, ಸ್ವಂತ ಮನೆ ಅಲ್ಲ. ಬಾಡಿಗೆ ಹೇಗ್ ಕಟ್ತಾರೆ?’

‘ಸ್ವಲ್ಪ ಅವ್ರ ಪೆನ್ಷನ್ನಿಂದ. ಹೆಚ್ಚಿನ ಪಾಲು ಕೌನ್ಸಿಲ್ ಕೊಡುತ್ತೆ. ಅಂದ್ರೆ ನಮ್ಮ ನಗರಸಭೆ ಥರ.’

‘ಸುಮ್ನೆ ಕೊಡ್ತಾರಾ?’

‘ಸುಮ್ನೆ ಯಾಕಮ್ಮ? ವಯಸ್ಸಾಗಿದೆ, ಆದಾಯ ಕಮ್ಮಿ. ಅರ್ಜಿ ಹಾಕಿದ್ದಾರೆ, ಕೊಡ್ತಾರೆ. ಅವ್ರ ಹಕ್ಕು ಅದು.’

ಆ ಭಾನುವಾರ ಊರಿಗೆ ಫೋನು ಮಾಡಿದಾಗ ಮಗುವಿನ ವಿಷಯ ಮುಗಿಸಿ ಇದನ್ನೇ ಹೇಳಿದೆ. ಯಜಮಾನರು ನಂಬಲಿಲ್ಲ.

‘ಮುದುಕರ ಮನೆ ಬಾಡಿಗೆ ಸರ್ಕಾರ ಕೊಡುತ್ತಾ? ನಿಂಗೆ ಯಾರೋ ಚೆನ್ನಾಗಿ ಟೋಪಿ ಹಾಕಿದಾರೆ ಬಿಡು.’

‘ನಿಮ್ಮ ಮಗಳೇ ಹೇಳಿದ್ದು.’

‘ಹಾಗಾದ್ರೆ ನಂಗೂ ಒಂದು ಅರ್ಜಿ ತಗೊಂಡ್ ಬಾ’ ಎಂದು ನಕ್ಕರು.

ಆ ಮಂಗಳವಾರ

ಮೂರು ತಿಂಗಳು ತುಂಬಿದ ಮೇಲೆ ಶೈಲಾ ಡ್ಯೂಟಿಗೆ ಮರಳಿದಳು. ಮಗು ಪೂರ್ತಿ ನನ್ನದಾಯಿತು. ಒಂದು ಮಂಗಳವಾರ ಡೋರಿಸಕ್ಕ ಔಷಧಿ ಅಂಗಡಿಗೆ ಹೋದವರು ಇನ್ನೂ ಬಂದಿರಲಿಲ್ಲ. ನಾನು ಅವರ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದೆ. ಮಗು ಅವರ ಸೋಫಾದ ಮೇಲೆ ದಿಂಬುಗಳ ನಡುವೆ ಮಲಗಿತ್ತು. ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಒಬ್ಬ ಗಂಡಸು ನಿಂತಿದ್ದ. ಕುತ್ತಿಗೆಗೆ ಫೋಟೋ ಇರುವ ಕಾರ್ಡು, ಕೈಯಲ್ಲಿ ಫೈಲು. ಕೌನ್ಸಿಲ್ ಎಂದ. ಮನೆಯೊಳಗೆ ಕಣ್ಣು ಹಾಯಿಸಿದ.

ಆ ಫೈಲು, ಆ ನೋಟ ನನಗೆ ಚೆನ್ನಾಗಿ ಗೊತ್ತಿದ್ದವು. ಭದ್ರಾವತಿಯ ಕ್ವಾರ್ಟರ್ಸಿನಲ್ಲಿ ಹಿಂದಿನ ಕೋಣೆಯನ್ನು ಒಳಬಾಡಿಗೆಗೆ ಕೊಡಬಾರದೆಂಬ ನಿಯಮ. ಕೊಡದ ಮನೆಯೇ ಇಲ್ಲ. ನಮ್ಮ ಹಿಂದಿನ ಕೋಣೆಯಲ್ಲಿ ಸೆಲ್ವಿ ಎಂಬ ತಮಿಳು ಹೆಂಗಸು ಗಂಡನ ಜೊತೆ ನಾಲ್ಕು ವರ್ಷ ಇದ್ದಳು. ಆಗಾಗ ಆಫೀಸಿನವರು ಚೆಕಿಂಗಿಗೆ ಬರುತ್ತಿದ್ದರು. ಒಳಗೆ ಹೊರಗಿನವರು ಸಿಕ್ಕಿದರೆ ಕ್ವಾರ್ಟರ್ಸ್ ಹೋಯಿತು. ಹಾಗಾಗಿ ಚೆಕಿಂಗ್ ಬಂದಾಗ ಮನೆಯೊಳಗಿದ್ದವರೆಲ್ಲ ನೆಂಟರಾಗಿಬಿಡುತ್ತಿದ್ದರು. ಸೆಲ್ವಿ ನನ್ನ ನಾದಿನಿ. ಕನ್ನಡ ಬಾರದ ನಾದಿನಿ ಎಲ್ಲಿಂದ ಬಂದಳೆಂದು ಆಫೀಸಿನವನು ಕೇಳಿದಾಗ ‘ಮೂಗಿ ಸಾರ್’ ಎಂದಿದ್ದೆ. ಕ್ವಾರ್ಟರ್ಸಿನ ಆ ಸಾಲಿನಲ್ಲಿ ಇದನ್ನು ಯಾರೂ ಸುಳ್ಳು ಎಂದು ಲೆಕ್ಕ ಹಾಕುತ್ತಿರಲಿಲ್ಲ. ಒಬ್ಬರ ಮನೆಯನ್ನು ಇನ್ನೊಬ್ಬರು ಉಳಿಸಿಕೊಡುವ ರೀತಿ ಅದು.

ಅವನು ನನ್ನನ್ನು, ಮಗುವನ್ನು, ಅಂಗಳದ ತಂತಿಯ ಮೇಲಿನ ಸೀರೆಗಳನ್ನು ನೋಡಿ ಏನೋ ಕೇಳಿದ. ‘ಲಿವ್’ ಮತ್ತು ‘ಹಿಯರ್’ ಎರಡೂ ಕಿವಿಗೆ ಬಿದ್ದವು. ಹೊರಗಿನವಳು ಎಂದರೆ ಡೋರಿಸಕ್ಕನ ಮನೆ ಹೋಗುತ್ತದೆ ಎಂದೇ ಎಣಿಸಿ, ನನ್ನಲ್ಲಿದ್ದ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ ಗಟ್ಟಿಯಾಗಿ ಹೇಳಿದೆ.

‘ಯೆಸ್. ಸಿಸ್ಟರ್. ಸೇಮ್ ಹೌಸ್. ಸೇಮ್ ಕಿಚನ್.’

ಅವನು ಬರೆದುಕೊಂಡ. ಬಿಸಿ ರೊಟ್ಟಿ ಕೊಟ್ಟೆ, ಬೇಡವೆಂದ. ಒಂದು ಮನೆ ಉಳಿಸಿದೆನೆಂಬ ಖುಷಿಯಲ್ಲಿ ಅವತ್ತು ಎರಡು ರೊಟ್ಟಿ ಹೆಚ್ಚು ತಿಂದೆ. ಡೋರಿಸಕ್ಕನಿಗೆ ಹೇಳಲು ಮಾತು ಸಾಲಲಿಲ್ಲ. ಶೈಲಾಗೆ ಹೇಳುವುದು ಮರೆತೇಹೋಯಿತು.

ಪತ್ರ

ಹದಿನೈದು ದಿನ ಕಳೆದಿರಬೇಕು. ಡೋರಿಸಕ್ಕ ಟೀ ಇಡಲಿಲ್ಲ. ಮೇಜಿನ ಮೇಲೆ ಲಕೋಟೆ ಇಟ್ಟುಕೊಂಡು ಕೂತಿದ್ದರು. ಮಗುವನ್ನು ಕೊಡಹೋದರೆ ಬೇಡ ಎಂದು ಸನ್ನೆ ಮಾಡಿ, ಲಕೋಟೆಯನ್ನು ನನ್ನ ಕಡೆ ತಳ್ಳಿದರು. ಸಂಜೆ ಶೈಲಾ ಬಂದು ಪತ್ರ ಓದಿದಳು. ಓದುತ್ತಿದ್ದವಳು ನಿಲ್ಲಿಸಿ ನನ್ನ ಕಡೆ ತಿರುಗಿದಳು.

‘ಅಮ್ಮಾ, ಕೌನ್ಸಿಲಿಂದ ಯಾರಾದ್ರೂ ಬಂದಿದ್ರಾ?’

‘ಹೂಂ. ಚೆಕಿಂಗಿಗೆ. ನಾನು ಸರಿಯಾಗೇ ಹೇಳಿ ಕಳಿಸ್ದೆ.’

‘ಏನಂತ?’

ಹೇಳಿದೆ. ಶೈಲಾ ಹಣೆ ಹಿಡಿದುಕೊಂಡು ಕುರ್ಚಿಯ ಮೇಲೆ ಕೂತಳು. ಅಲ್ಲಿನ ಲೆಕ್ಕವೇ ತಿರುಗುಮುರುಗು. ಒಂಟಿಯಾಗಿರುವ ವಯಸ್ಸಾದವರಿಗೆ ಬಾಡಿಗೆ ನೆರವು. ಅದೇ ಮನೆಯಲ್ಲಿ ಇನ್ನೊಬ್ಬ ದೊಡ್ಡವರು ಇದ್ದರೆ ಅವರೂ ಬಾಡಿಗೆಯಲ್ಲಿ ಪಾಲು ಹಾಕಬೇಕು. ಡೋರಿಸಕ್ಕ ತಂಗಿಯನ್ನು ಮನೆಯಲ್ಲಿಟ್ಟುಕೊಂಡು ಒಂಟಿ ಎಂದು ಬರೆದುಕೊಟ್ಟಿದ್ದಾರೆ ಎಂಬಂತಾಗಿತ್ತು. ವಿಚಾರಣೆ ಮುಗಿಯುವವರೆಗೆ ನೆರವು ನಿಲ್ಲಿಸಿದ್ದರು. ಬಾಡಿಗೆ ತಪ್ಪಿದರೆ ಓನರು ಮನೆ ಬಿಡಿಸುತ್ತಾನೆ. ಆಮೇಲೆ ದೂರದ ಯಾವುದೋ ವೃದ್ಧಾಶ್ರಮದ ಕೋಣೆ. ಗಂಡನ ಕೋಟಿಗೆ ಅಲ್ಲಿ ಮೊಳೆ ಇರುತ್ತದೋ ಇಲ್ಲವೋ.

ಡೋರಿಸಕ್ಕ ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಅವರು ನನ್ನ ಮೊಣಕೈ ಸವರಿ, ಹೋಗಲಿ ಬಿಡು ಎಂಬಂತೆ ಏನೋ ಅಂದರು.

‘ನಾಳೆ ಆಫೀಸಿಗೆ ಹೋಗಿ ನಿಜ ಹೇಳ್ತೀನಿ’ ಎಂದೆ.

‘ಬೇಡಮ್ಮ’ ಎಂದಳು ಶೈಲಾ. ‘ಸರ್ಕಾರಿ ಮನುಷ್ಯನಿಗೆ ಸುಳ್ಳು ಹೇಳಿದೀಯ. ನೀನೇ ಹೋಗಿ ಒಪ್ಕೊಂಡ್ರೆ ಮುಂದಿನ ಸಲ ವೀಸಾ ಕೊಡ್ತಾರೋ ಇಲ್ವೋ. ಪಾಪು ನೋಡೋಕೆ ಬರೋದ್ ಬೇಡ್ವಾ ನಿಂಗೆ? ನಾನೇ ಒಂದು ಪತ್ರ ಬರೀತೀನಿ.’

ಆ ಮಾತು ಎದೆಗೆ ನಾಟಿತು. ಮಗು ಆಗ ತಾನೇ ನನ್ನ ಬಳೆ ಹಿಡಿದು ಎಳೆಯಲು ಕಲಿತಿತ್ತು. ಇನ್ನೆಂದೂ ಬರಲಾಗದಿದ್ದರೆ ಅದು ಬೆಳೆಯುವುದನ್ನು ಫೋಟೋದಲ್ಲಿ ನೋಡಬೇಕು. ಅಡುಗೆಮನೆಗೆ ಹೋಗಿ ಅನ್ನಕ್ಕೆ ಇಟ್ಟು, ಅದು ಕುದಿಯುವವರೆಗೂ ಅಲ್ಲೇ ನಿಂತೆ. ವಾಪಸ್ ಬಂದು ಹೇಳಿದೆ.

‘ನೀನು ಬರೆದ ಪತ್ರ ಯಾರೋ ಓದ್ತಾರೆ, ಇಡ್ತಾರೆ. ಸುಳ್ಳು ಹೇಳಿದ ಬಾಯಿ ನಂದು. ಅದೇ ಬಾಯಿ ಹೋಗ್ಬೇಕು.’

ಕೌನ್ಸಿಲ್ ಆಫೀಸು

ಬೆಳಿಗ್ಗೆ ಶೈಲಾಗೆ ಡ್ಯೂಟಿ. ಮಗುವನ್ನು ಮಂಜುನಾಥನ ಕೈಗೆ ಕೊಟ್ಟೆ. ಅತ್ತೆಯ ಹಟ ಅವನಿಗೆ ಮದುವೆ ದಿನದಿಂದ ಗೊತ್ತು. ‘ಬಿಳಿ ಬಸ್ ಅಲ್ಲ, ಕೆಂಪು ಬಸ್ ಅತ್ತೆ’ ಎಂದಷ್ಟೇ ಹೇಳಿದ. ಪಾಸ್‌ಪೋರ್ಟು, ವಾಪಸಾತಿ ಟಿಕೆಟ್ಟು, ಮಗುವಿನ ಆಸ್ಪತ್ರೆಯ ಪುಸ್ತಕ, ಮಗಳ ಮನೆಯ ಬಾಡಿಗೆ ಪತ್ರ ಎಲ್ಲ ಬ್ಯಾಗಿಗೆ ಹಾಕಿಕೊಂಡೆ. ಡೋರಿಸಕ್ಕ ಟೋಪಿ ಹಾಕಿ, ಕೋಲು ಹಿಡಿದು, ತುಟಿಗೆ ಬಣ್ಣ ಹಚ್ಚಿ ಬಂದರು. ಆದರೂ ಮೊದಲು ಹತ್ತಿದ್ದು ಬಿಳಿ ಬಸ್ಸನ್ನೇ. ಮಾತಿನ ಭರದಲ್ಲಿ ಇಬ್ಬರೂ ನೋಡಿರಲಿಲ್ಲ.

ಆಫೀಸಿನಲ್ಲಿ ನೂಕುನುಗ್ಗಲಿಲ್ಲ. ಚೀಟಿ ಕೊಟ್ಟು ಕೂರಿಸಿದರು. ನಮ್ಮ ಸರದಿ ಬಂದಾಗ ಮೇಜಿನಾಚೆ ಕನ್ನಡಕದ ಹೆಂಗಸೊಬ್ಬರಿದ್ದರು. ನನಗೆ ಇಂಗ್ಲಿಷ್ ಬಾರದೆಂದು ತಿಳಿದು ಒಂದು ರಟ್ಟು ಮುಂದಿಟ್ಟರು. ಅದರ ಮೇಲೆ ಬೇರೆ ಬೇರೆ ಲಿಪಿಗಳಲ್ಲಿ ಭಾಷೆಗಳ ಹೆಸರು. ನಮ್ಮದನ್ನು ಬೆರಳಿಟ್ಟು ಹುಡುಕಿದೆ, ಇರಲಿಲ್ಲ. ತಮಿಳು ಇತ್ತು. ಓದಲು ಬಾರದಿದ್ದರೂ ಭದ್ರಾವತಿಯ ಸಿನಿಮಾ ಪೋಸ್ಟರುಗಳಲ್ಲಿ ನೋಡಿದ ಅಕ್ಷರ. ಅದನ್ನೇ ತೋರಿಸಿದೆ. ಅವರು ಯಾರಿಗೋ ಫೋನು ಮಾಡಿ ಸ್ಪೀಕರ್ ಹಾಕಿದರು. ಫೋನಿನೊಳಗಿಂದ ತಮಿಳು ಹೆಂಗಸಿನ ದನಿ ಬಂತು.

ಅವರದು ಸಿಲೋನಿನ ತಮಿಳು. ನನ್ನದು ನಲ್ಲಿಯ ಮುಂದೆ ಕೊಡ ಇಟ್ಟು ಸೆಲ್ವಿಯಿಂದ ಕಲಿತದ್ದು. ಅವರು ಮೂರು ಸಲ ‘ನಿಧಾನವಾಗಿ ಹೇಳಿ ಅಮ್ಮಾ’ ಎಂದರು. ನಾನು ಎರಡು ಸಲ ‘ಇನ್ನೊಮ್ಮೆ ಹೇಳು ತಾಯಿ’ ಎಂದೆ. ಹೇಗೋ ದಾರಿಗೆ ಬಂತು.

‘ನಾನು ಈಯಮ್ಮನ ತಂಗಿ ಅಲ್ಲ. ಆ ಮನೇಲಿ ಇಲ್ಲ. ಮೇಲಿನ ಮನೇಲಿ ಮಗಳ ಜೊತೆ ಇದೀನಿ. ಅವತ್ತು ಸುಳ್ಳು ಹೇಳ್ದೆ. ತಪ್ಪು ನಂದು, ಈಯಮ್ಮಂಗೆ ಗೊತ್ತೇ ಇರ್ಲಿಲ್ಲ’ ಎಂದೆ.

ಕನ್ನಡಕದವರು ಪಾಸ್‌ಪೋರ್ಟಿನ ಮುದ್ರೆ ನೋಡಿದರು, ಟಿಕೆಟ್ ನೋಡಿದರು, ಮಗಳ ಮನೆಯ ಪತ್ರದ ವಿಳಾಸವನ್ನು ಫೈಲಿನ ವಿಳಾಸದ ಪಕ್ಕ ಇಟ್ಟು ನೋಡಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು. ಫೋನಿನವರು ತಮಿಳಿಗೆ ತಿರುಗಿಸಿದರು.

‘ಸುಳ್ಳು ಯಾಕೆ ಹೇಳಿದಿರಿ ಎಂದು ಕೇಳುತ್ತಿದ್ದಾರೆ.’

ಕ್ವಾರ್ಟರ್ಸಿನ ಕಥೆ ಹೇಳಿದೆ. ಮೂಗಿ ನಾದಿನಿಯ ಕಥೆಯನ್ನೂ ಬಿಡಲಿಲ್ಲ. ಫೋನಿನವರು ಮೊದಲು ನಕ್ಕು, ಗಂಟಲು ಸರಿಮಾಡಿಕೊಂಡು, ಆಮೇಲೆ ಇಂಗ್ಲಿಷಿನಲ್ಲಿ ಹೇಳಿದರು. ಕನ್ನಡಕದವರು ನಗಲಿಲ್ಲ. ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಅಲ್ಲಿ ಹೊರಗಿನವರನ್ನು ನೆಂಟರೆಂದು ಸೇರಿಸಿಕೊಂಡರೆ ಮನೆ ಉಳಿಯುತ್ತದೆ, ಇಲ್ಲಿ ಹಾಗೆ ಸೇರಿಸಿಕೊಂಡರೆ ಹೋಗುತ್ತದೆ ಎಂಬುದು ಅವರಿಗೂ ಅರ್ಥವಾದಂತೆ ಕಂಡಿತು. ಮತ್ತೆ ತುಂಬ ಹೊತ್ತು ಬರೆದರು. ಎರಡು ಕಾಗದ ತಂದರು. ನನ್ನ ಕಾಗದದಲ್ಲಿ, ನಾನು ಈಕೆಗೆ ಸಂಬಂಧಿಯಲ್ಲ, ಈ ಮನೆಯಲ್ಲಿ ವಾಸವಿಲ್ಲ ಎಂದಿತ್ತು. ಡೋರಿಸಕ್ಕನದರಲ್ಲಿ, ನನ್ನ ಜೊತೆ ಯಾರೂ ಇಲ್ಲ, ನಾನು ಒಬ್ಬಳೇ ಎಂದಿತ್ತು.

ನಾನು ಕನ್ನಡದಲ್ಲಿ ರುಜು ಹಾಕಿದೆ. ಡೋರಿಸಕ್ಕ ಪೆನ್ನು ಹಿಡಿದು ಕೂತೇ ಇದ್ದರು. ಕನ್ನಡಕದವರಿಗೆ ಏನೋ ಹೇಳಿದರು. ಫೋನಿನವರು ಅದನ್ನು ತಮಿಳಿನಲ್ಲಿ ಹೇಳಿದರು.

‘ಅಮ್ಮಾ, ಹೀಗೆ ಬರೆದುಕೊಟ್ಟರೆ ನಿಮಗೆ ಬೇಜಾರಾಗುತ್ತಾ ಎಂದು ಕೇಳುತ್ತಿದ್ದಾರೆ.’

‘ಒತ್ತಿ ಬರೀಲಿ ಅನ್ನು’ ಎಂದೆ. ‘ಅಕ್ಷರ ಕಾಗದದ ಆಚೆ ಬದಿಗೂ ಕಾಣ್ಬೇಕು. ನಾಳೆ ಹತ್ತು ಗಂಟೆಗೆ ಪಾಪೂನ ಕರ್ಕೊಂಡು ಬರ್ತೀನಿ ಅಂತಾನೂ ಹೇಳು.’

ಮತ್ತೆ ಶಿವಮೊಗ್ಗ

ಹತ್ತನೇ ದಿನಕ್ಕೆ ಪತ್ರ ಬಂತು. ನಿಂತ ನೆರವು ಮತ್ತೆ ಶುರು, ನಡುವೆ ತಪ್ಪಿದ್ದೂ ಸೇರಿ. ಶೈಲಾ ಬಾಗಿಲಲ್ಲಿ ನಿಂತೇ ಓದಿದಳು. ಡೋರಿಸಕ್ಕ ಎರಡು ಸಲ ಓದಿಸಿದರು. ಅಳುತ್ತಾರೇನೋ ಎಂದುಕೊಂಡೆ. ಅವರು ಒಳಗೆ ಹೋಗಿ ಫೋನೆತ್ತಿ ಯಾರಿಗೋ ದಬಾಯಿಸತೊಡಗಿದರು. ಆ ದನಿಯನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

‘ಓನರಿಗೆ ಹೇಳ್ತಿದಾರೆ’ ಎಂದು ಶೈಲಾ ಪಿಸುಗುಟ್ಟಿದಳು. ‘ಮಲಗೋ ಕೋಣೆ ಕಿಟಕಿ ಮೂರು ವರ್ಷದಿಂದ ಮುಚ್ಚಕ್ಕಾಗ್ತಿಲ್ವಂತೆ, ಚಳಿ ಒಳಗೆ ಬರುತ್ತಂತೆ. ಈ ವಾರ ಬಡಗಿ ಕಳಿಸಲೇಬೇಕಂತೆ.’

‘ಮೂರು ವರ್ಷ ಯಾಕೆ ಸುಮ್ನಿದ್ರಂತೆ?’

ಶೈಲಾ ಕೇಳಿದಳು. ರಿಪೇರಿ ಕೇಳಿದರೆ ಮನೆ ಬಿಡು ಅನ್ನುತ್ತಾನೆಂಬ ಹೆದರಿಕೆಯಂತೆ. ಈಗ ಹೆದರಿಕೆ ಮುಗಿಯಿತಂತೆ. ಗುರುವಾರ ಬಡಗಿ ಬಂದ. ಅವನು ಕೆಲಸ ಮುಗಿಸುವವರೆಗೂ ಡೋರಿಸಕ್ಕ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು.

ಒಂದು ತಿಂಗಳ ನಂತರ ನಾನು ಊರಿಗೆ ಮರಳಿದೆ. ಮಗುವನ್ನು ಬಿಟ್ಟು ಬಂದ ಸಂಕಟವನ್ನೂ ಮುಂದಿನ ವರ್ಷ ಮತ್ತೆ ವೀಸಾ ಸಿಕ್ಕಿದ ಸಂತೋಷವನ್ನೂ ಬೀದಿಯವರೆಲ್ಲ ಕೇಳಿ ಸಾಕಾಗಿದ್ದಾರೆ. ಆದರೆ ಆ ಸಲ ಬಂದ ಮೂರನೇ ದಿನದ ಒಂದು ಸಂಗತಿ ಹೇಳಬೇಕು. ವಿನೋಬನಗರದ ಮನೆಯಲ್ಲಿ ಬಚ್ಚಲಿನ ಗೋಡೆ ಎರಡು ವರ್ಷದಿಂದ ಸೋರುತ್ತಿತ್ತು. ನಾವು ಬಕೆಟ್ ಇಟ್ಟು ಕಾಲ ಹಾಕುತ್ತಿದ್ದೆವು. ಬೆಳಿಗ್ಗೆ ಎದ್ದವಳೇ ಚಪ್ಪಲಿ ಮೆಟ್ಟಿದೆ.

‘ಎಲ್ಲಿಗೆ?’ ಎಂದರು ಯಜಮಾನರು.

‘ಓನರ್ ಮನೆಗೆ. ಬಚ್ಚಲು ರಿಪೇರಿ ಮಾಡಿಸೋಕೆ ಹೇಳಿ ಬರ್ತೀನಿ.’

‘ಸುಮ್ನಿರೇ. ಇಲ್ಲಿ ನಿನ್ ಬಾಡಿಗೆ ಕೊಡೋಕೆ ಯಾವ ಕೌನ್ಸಿಲ್ಲೂ ಇಲ್ಲ. ಬಿಟ್ಟು ಹೋಗಿ ಅಂದ್ರೆ ಏನ್ ಮಾಡ್ತೀಯ?’

‘ತಿಂಗ್ಳು ತಿಂಗ್ಳು ಬಾಡಿಗೆ ಕೊಡ್ತಿಲ್ವಾ? ಅಂದಾಗ ನೋಡ್ಕೊಂಡ್ರಾಯ್ತು.’

ಓನರು ಹಲ್ಲುಜ್ಜುತ್ತಾ ಹೊರಗೆ ಬಂದರು. ಇಂಗ್ಲೆಂಡ್ ಹೇಗಿತ್ತು ಎಂದು ಕೇಳಿದರು. ಚೆನ್ನಾಗಿತ್ತು, ಬಚ್ಚಲು ಸೋರುತ್ತಿದೆ ಎಂದೆ. ಅವರು ನನ್ನ ಮುಖವನ್ನೇ ನೋಡಿ, ‘ಶನಿವಾರ ಗಾರೆಯವನ್ನ ಕಳಿಸ್ತೀನಿ ಬಿಡಿ’ ಎಂದರು.

ಶನಿವಾರ ಯಾರೂ ಬರಲಿಲ್ಲ. ಸೋಮವಾರ ಮತ್ತೆ ಹೋದೆ.